ಮೌನಮ್ಮ ಅಕ್ಕೋರ ರೊಟ್ಟಿ ಹಾಜರಿ

ಮೂವತ್ತೆಂಟು ಮಕ್ಕಳ ಹಾಜರಿ ತೆಗೆಯಲು ಇಪ್ಪತ್ತೆರಡು ನಿಮಿಷ. ಗೋದಾಮಿನ ಕಿಟಕಿಯ ಹೊರಗೆ ನಿಂತು ಪರಿಮಳಾ ಫೋನಿನಲ್ಲಿ ನೋಡಿಕೊಂಡಿದ್ದಳು. ಸೋಮವಾರ ಇಪ್ಪತ್ತೆರಡು, ಮಂಗಳವಾರ ಇಪ್ಪತ್ತು, ಬುಧವಾರ ಮತ್ತೆ ಇಪ್ಪತ್ತೆರಡು. ಅಷ್ಟು ಹೊತ್ತಿನಲ್ಲಿ ಒಂದು ಮಗ್ಗಿಯನ್ನೇ ಬಾಯಿಪಾಠ ಮಾಡಿಸಬಹುದಿತ್ತು ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಒಳಗೆ ಮೂರನೆಯ ಕಂಬದ ಪಕ್ಕ, ಗೋಡೆಗೆ ಬೆನ್ನು ಕೊಟ್ಟು, ಮೌನಮ್ಮ ಅಕ್ಕೋರು ನಿಂತಿದ್ದರು. ಈ ಕಡೆ ಹೆಣ್ಣು ಮೇಷ್ಟ್ರಿಗೆ ಅಕ್ಕೋರು ಅನ್ನುವುದು ರೂಢಿ. ಐವತ್ತಾರು ವರ್ಷದ ಗಟ್ಟಿ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡೇ ಪಾಠ ಮಾಡುವವರು. ಅವರು ಹೆಸರು ಕರೆದರೆ ಮಕ್ಕಳು ಬರೀ ‘ಹಾಜರ್’ ಎಂದು ತಪ್ಪಿಸಿಕೊಳ್ಳುವಂತಿರಲಿಲ್ಲ. ಬೆಳಿಗ್ಗೆ ಏನು ತಿಂದು ಬಂದೆ ಎಂದು ಪೂರ್ತಿ ವಾಕ್ಯದಲ್ಲಿ ಹೇಳಬೇಕು.

“ಬಸು.”

“ನಾ ಜ್ವಾಳದ ರೊಟ್ಟಿ, ಪುಂಡಿಪಲ್ಯ ತಿಂದೀನ್ರಿ, ಅಕ್ಕೋರ.”

“ಶಾಯಿಸ್ತಾ.”

“ನಾ ಚಾ, ಬ್ರೆಡ್ ತಿಂದೀನ್ರಿ.”

“ಚಾ ತಿಂತಾರೇನವ್ವ?”

“ಚಾದಾಗ ಅದ್ದಿ ತಿಂದೀನ್ರಿ.”

ಮಕ್ಕಳು ನಕ್ಕರು. ಅಕ್ಕೋರು ನಗಲಿಲ್ಲ. ನಗು ಪೂರ್ತಿ ಇಳಿಯುವ ತನಕ ಕಾದು, ಮುಂದಿನ ಹೆಸರನ್ನು ಅದೇ ದನಿಯಲ್ಲಿ, ಅದೇ ನಿಧಾನದಲ್ಲಿ ಕರೆದರು. ಸುರಪುರದ ಆ ಓಣಿಯಲ್ಲಿ ಇದಕ್ಕೆ ರೊಟ್ಟಿ ಹಾಜರಿ ಎಂದೇ ಹೆಸರಾಗಿತ್ತು. ಯಾರ ಮನೆಯಲ್ಲಿ ರಾತ್ರಿಯ ಅನ್ನಕ್ಕೆ ಒಗ್ಗರಣೆ ಬಿತ್ತು, ಯಾರ ಮನೆಯಲ್ಲಿ ಒಲೆಯೇ ಹತ್ತಲಿಲ್ಲ ಎಂಬುದು ಹತ್ತು ಗಂಟೆಯೊಳಗೆ ಗೋದಾಮಿಗೆಲ್ಲ ಗೊತ್ತು.

ಗೋದಾಮು ಎಂದರೆ ಖರೆಯೇ ಗೋದಾಮು. ಶಾಲೆಯ ಹಳೆಯ ಕೋಣೆಗಳ ಮೇಲ್ಛಾವಣಿ ಉದುರತೊಡಗಿದ ಮೇಲೆ, ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಪಕ್ಕದ ಹತ್ತಿ ಗೋದಾಮಿಗೆ ತಂದು ಕೂರಿಸಿದ್ದರು. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ತಗಡು. ಒಂದು ಮಾತಾಡಿದರೆ ಆ ಗೋಡೆ ಅರ್ಧ, ಈ ಗೋಡೆ ಅರ್ಧ ಹಂಚಿಕೊಂಡು ಎರಡೂ ಸೇರಿ ಬಾವಿಯೊಳಗಿನ ಸದ್ದಾಗುತ್ತಿತ್ತು. ಒಳ್ಳೆಯ ಕಿವಿಯವರೇ ‘ಹಾಂ?’ ಎಂದು ಎರಡೆರಡು ಸಲ ಕೇಳಬೇಕಾದ ಜಾಗ.

ಪರಿಮಳಾಳ ಮಗಳ ಕಿವಿ ಒಳ್ಳೆಯದಿರಲಿಲ್ಲ.

ಯಶೋಧರಾ, ಮನೆಯಲ್ಲಿ ಯಶು, ಆರು ವರ್ಷದವಳು. ಕರೆದರೆ ತಿರುಗುವುದಿಲ್ಲ, ಹೇಳಿದ್ದು ಕೇಳುವುದಿಲ್ಲ, ಹಟಮಾರಿ ಎಂದು ಬಹಳ ದಿನ ಬೈಸಿಕೊಂಡವಳು. ಎರಡೂ ಕಿವಿಗೆ ಅರ್ಧದಷ್ಟೂ ಕೇಳಿಸುತ್ತಿಲ್ಲ ಎಂದು ತಿಳಿದ ದಿನ ಪರಿಮಳಾ ಆ ಬೈಗಳನ್ನೆಲ್ಲ ಒಂದೊಂದಾಗಿ ನೆನೆದು ಅತ್ತಿದ್ದಳು. ಫೆಬ್ರವರಿಯಲ್ಲಿ ಕಲಬುರಗಿಯ ದವಾಖಾನೆಯೊಂದರಲ್ಲಿ ಕಿವಿಯ ಹಿಂದೆ ಕೂರುವ ಎರಡು ಮಷಿನ್ ಹಾಕಿಸಿಕೊಂಡು ಬಂದರು. ಶ್ರವಣ ಪರೀಕ್ಷೆ ಮಾಡುವ ನುಜ್ಹತ ಮೇಡಂ ಸದ್ದು ಏರಿಸಿ ಇಳಿಸುವ ಅದರ ಸಣ್ಣ ಚಕ್ರವನ್ನು ತಿರುಗಿಸಿ, ಒಂದು ಕಡೆ ನಿಲ್ಲಿಸಿ, ಕೆಂಪು ಶಾಯಿಯ ಗುರುತು ಹಾಕಿ ಹೇಳಿದ್ದರು:

“ಮಷಿನ್ ಅವಾಜ ದೊಡ್ಡದು ಮಾಡ್ತದ, ಅಷ್ಟ. ಅದರಾಗ ಯಾವುದು ಬೇಕು, ಯಾವುದು ಬ್ಯಾಡ ಅಂತ ಆರಿಸೋದು ತಲಿ ಕೆಲಸ. ಅದಕ್ಕ ಟೈಮ್ ಕೊಡ್ರಿ. ಸೆಪ್ಟೆಂಬರ್ ತನಕ ಊರ ಸಾಲ್ಯಾಗ ಕೂಡ್ಸಿ ನೋಡೋಣು. ಕ್ಲಾಸಿನ ಮಾತು ಹಿಡದ್ಲಂದ್ರ ಅಲ್ಲೇ ಓದ್ಲಿ. ಇಲ್ಲಂದ್ರ ಇಲ್ಲೇ ಕಲಬುರಗ್ಯಾಗ ಕಿವಿ ಕೇಳದ ಮಕ್ಕಳ ಸಾಲಿ ಅದ, ಹಾಸ್ಟೆಲ್ ಅದ. ಚಲೋ ಸಾಲಿರಿ ಅದು, ಅಂಜಬ್ಯಾಡ್ರಿ.”

ಮಿಕ್ಕ ಮಾತೆಲ್ಲ ಕಲಬುರಗಿಯಲ್ಲೇ ಉಳಿಯಿತು. ಹಾಸ್ಟೆಲ್ ಎಂಬ ಒಂದು ಶಬ್ದ ಪರಿಮಳಾಳ ಜೊತೆ ಬಸ್ಸು ಹತ್ತಿತು. ಅವಳು ಮೈಸೂರಿನಲ್ಲಿ ಓದಿದವಳು, ಒಂಬತ್ತನೆಯ ವರ್ಷದಿಂದ ಹಾಸ್ಟೆಲಿನಲ್ಲೇ ಬೆಳೆದವಳು. ಭಾನುವಾರ ಸಂಜೆ ಅಪ್ಪ ಗೇಟಿನಾಚೆ ತಿರುಗಿ ನೋಡದೆ ನಡೆದು ಹೋಗುತ್ತಿದ್ದುದು ಇವತ್ತಿಗೂ ಅವಳ ಕಣ್ಣಿಗೆ ಕಟ್ಟಿದಂತಿತ್ತು. ತನ್ನ ಮಗಳು, ಅದೂ ಆರು ವರ್ಷಕ್ಕೆ, ಆ ಗೇಟಿನ ಒಳಗೆ ನಿಲ್ಲುವುದು ಬೇಡ. ಸೆಪ್ಟೆಂಬರಿನೊಳಗೆ ಯಶು ತರಗತಿಯ ಮಾತು ಹಿಡಿಯಲೇಬೇಕು.

ಹಾಗಾಗಿ ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನದಿಂದ ಪರಿಮಳಾ ಗೋದಾಮಿನ ಕಿಟಕಿಗೆ ಕಾವಲಾದಳು. ಗಂಡ ಬುದ್ಧಪ್ರಿಯ ತಹಶೀಲ ಕಚೇರಿಯ ಗುಮಾಸ್ತ. ಅವನು ಡಬ್ಬಿ ಕಟ್ಟಿಕೊಂಡು ಹೋದ ಮೇಲೆ ಮನೆಯಲ್ಲಿ ಅವಳಿಗೆ ಕಾಲು ನಿಲ್ಲುತ್ತಿರಲಿಲ್ಲ. ಮೊದಲ ವಾರ ಮಗಳನ್ನು ಮುಂದಿನ ಸಾಲಿಗೆ ಕೂರಿಸಿದಳು. ಅಲ್ಲಿ ಬಾಗಿಲಿನ ಸದ್ದು ಎಂದು ಎರಡನೆಯ ವಾರ ಕಿಟಕಿಯ ಹತ್ತಿರ. ಅಲ್ಲಿ ಟಂಟಂ ಗಾಡಿಗಳ ಸದ್ದು ಎಂದು ಮತ್ತೆ ಗೋಡೆಯ ಬದಿಗೆ. ಪ್ರತಿ ಸಲವೂ ಮೌನಮ್ಮ ಅಕ್ಕೋರು ಒಂದು ಕ್ಷಣ ಅವಳ ಮುಖ ನೋಡಿ, “ಕೂಡಸ್ರಿ” ಎನ್ನುತ್ತಿದ್ದರು. ಆ ‘ಕೂಡಸ್ರಿ’ಯಲ್ಲಿ ಒಪ್ಪಿಗೆ ಎಷ್ಟಿತ್ತು, ಬೇಸರ ಎಷ್ಟಿತ್ತು, ಪರಿಮಳಾಳಿಗೆ ಗೊತ್ತಾಗಲಿಲ್ಲ.

ಮಷಿನ್ನಿನ ಚಕ್ರವನ್ನು ತಾನೇ ತಿರುಗಿಸುತ್ತಿದ್ದ ವಿಷಯವನ್ನು ಪರಿಮಳಾ ಅಕ್ಕೋರಿಗೂ ಹೇಳಿರಲಿಲ್ಲ. ಶಾಲೆಗೆ ಬಿಡುವಾಗ ಒಂದಿಷ್ಟು ಏರಿಸುವುದು, ಊಟದ ಬಿಡುವಿನಲ್ಲಿ ಬಂದು ಇಳಿಸುವುದು, ಸಂಜೆ ಮನೆಯಲ್ಲಿ ಇನ್ನಷ್ಟು ಇಳಿಸುವುದು. ಕೆಂಪು ಗುರುತು ಒಂದೇ ತಿಂಗಳಿಗೆ ಅಳಿಸಿಹೋಯಿತು. ಎಲ್ಲ ಮಗಳ ಒಳ್ಳೆಯದಕ್ಕೇ.

ಆದರೂ ಯಶು ಪಾಠದಲ್ಲಿ ಬೇರೆ ಮಕ್ಕಳ ಪಾಟಿ ನೋಡಿಯೇ ಬರೆಯುತ್ತಿದ್ದಳು. ಜುಲೈ ಬಂತು. ಪರಿಮಳಾ ಯಾರನ್ನಾದರೂ ದೂರಬೇಕಿತ್ತು. ರೊಟ್ಟಿ ಹಾಜರಿ ಸಿಕ್ಕಿತು.

ಶಾಲಾ ಸಮಿತಿಯ ಸಭೆಯಲ್ಲಿ ಎದ್ದು ನಿಂತು, ಕಾಗದದಲ್ಲಿ ಬರೆದು ತಂದಿದ್ದನ್ನು ಓದಿದಳು. ದಿನಕ್ಕೆ ಇಪ್ಪತ್ತೆರಡು ನಿಮಿಷ ಎಂದರೆ ತಿಂಗಳಿಗೆ ಒಂಬತ್ತು ಗಂಟೆ ವ್ಯರ್ಥ. ಮಕ್ಕಳ ಊಟದ ವಿಚಾರ ಪಾಠವಲ್ಲ. ಸಮಿತಿಯ ಅಧ್ಯಕ್ಷ ಅಮರಪ್ಪ, ಗೋದಾಮಿನ ಎದುರಿಗೇ ಕಿರಾಣಿ ಅಂಗಡಿ ಇಟ್ಟವನು, ಮುಂದಿನ ತಿಂಗಳು ಮೇಲಿನವರು ತಪಾಸಣೆಗೆ ಬರುವವರಿದ್ದಾರೆಂದು ಮೊದಲೇ ಗಾಬರಿಯಲ್ಲಿದ್ದ.

“ಮೇಡಂ ಅವರು ಹೇಳೋದು ಬರಾಬರ್ ಅದರಿ, ಅಕ್ಕೋರ,” ಎಂದ.

“ಆ ಹಾಜರಿನೂ ಪಾಠನ ಅದ, ಅಮರಪ್ಪ,” ಎಂದರು ಮೌನಮ್ಮ. “ಕಿವಿಗಿ ಪಾಠ.”

“ರೊಟ್ಟಿ ಪಾಠ ಯಾವ ಪುಸ್ತಕದಾಗ ಅದರಿ? ಸಾಹೇಬ್ರು ಕೇಳಿದ್ರ ಎಷ್ಟನೇ ಪಾನ ತೋರ್ಸಲಿ?”

ಸಭೆ ನಕ್ಕಿತು. ಅಕ್ಕೋರು ತಮ್ಮ ಚೀಲ ಎತ್ತಿಕೊಂಡರು. “ಬ್ಯಾಡಂದ್ರ ಬಿಡ್ತೀನಿ. ಹದಿನೈದು ದಿನ ಬಿಟ್ಟು ನೀವ ಹೇಳ್ರಿ, ಹ್ಯಾಂಗಾತು ಅಂತ.”

ಮರುದಿನದಿಂದ ಹಾಜರಿ ಮೂರು ನಿಮಿಷಕ್ಕೆ ಇಳಿಯಿತು. ಪರಿಮಳಾ ಗೆದ್ದಳು.

ಒಂದು ವಾರಕ್ಕೆ ಯಶು ಮನೆಗೆ ಬಂದು ಚೀಲ ಒಗೆದು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಳು. ಹತ್ತನೆಯ ದಿನ ಎಡಗಿವಿಯ ಮಷಿನ್ ಕಾಣೆ. ಮನೆಯೆಲ್ಲ ಹುಡುಕಿದರು, ಗೋದಾಮನ್ನೂ ಗುಡಿಸಿದರು. ಬುದ್ಧಪ್ರಿಯ ಬೈಕಿನ ದೀಪ ಹಚ್ಚಿಕೊಂಡು ಗಟಾರದ ಬದಿಯನ್ನೂ ನೋಡಿ ಬಂದ. ಕೊನೆಗೆ ಅತ್ತೆ ಕರೆಮ್ಮ ಬೀಸಲು ಕೊಡಬೇಕೆಂದು ಡಬ್ಬಿಯಿಂದ ಜೋಳ ಸುರಿದಾಗ ಮಷಿನ್ ಟಪ್ಪೆಂದು ಮೊರದ ಮೇಲೆ ಬಿತ್ತು.

ಕರೆಮ್ಮ ದೇವಾಪುರದ ಹೊಲದಲ್ಲಿ ಮೈ ಮುರಿದು ದುಡಿದ ಮುದುಕಿ, ಮಾತಿಗೆ ಸುತ್ತುಬಳಸು ಇಲ್ಲದವಳು. ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಕೇಳಿದಳು: “ಜ್ವಾಳದಾಗ ಬಿತ್ತಿದ್ರ ಇನ್ನೊಂದು ಬೆಳಿತದಂತ ಇಟ್ಟಿದ್ಯೇನ, ನನ್ನ ಬಂಗಾರ?”

ಯಶು ನಗಲಿಲ್ಲ. “ಸಾಲ್ಯಾಗ ಗದ್ದಲ ಭಾಳ ಅದ ಆಯಿ. ಮೊದಲ ಸ್ವಲ್ಪ ಕಡಿಮಿ ಇತ್ತು. ಈಗ ಅಕ್ಕೋರ ಮಾತು ಗದ್ದಲದಾಗ ಹೋಗ್ತದ.”

“ಅದೇ ಗೋದಾಮು, ಅದೇ ಮಕ್ಕಳು. ಗದ್ದಲ ಹೇಗೆ ಜಾಸ್ತಿ ಆಗುತ್ತೆ, ಪುಟ್ಟಾ?” ಎಂದಳು ಪರಿಮಳಾ.

“ಗೊತ್ತಿಲ್ಲ. ಆಗ್ಯಾದ,” ಎಂದಳು ಯಶು, ಮತ್ತು ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿಕೊಂಡಳು.

ಭಾನುವಾರ ಬೆಳಿಗ್ಗೆ ಮೌನಮ್ಮ ಅಕ್ಕೋರು ತಾವಾಗಿಯೇ ಮನೆಗೆ ಬಂದರು. ಅಂಗಳದಲ್ಲಿ ಕಾಲು ತೊಳೆದು, ಒಳಗೆ ಬಂದು, ಚಾ ಬೇಡ ಎಂದು, ಕರೆಮ್ಮ ಕೊಟ್ಟ ಎರಡು ರೊಟ್ಟಿಯನ್ನು ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದರು. ಹುಡುಗಿಯ ಕಿವಿಯ ಹಿಂದಿನ ಮಷಿನ್ ತಿರುಗಿಸಿ ನೋಡಿದರು.

“ಇದರ ಚಕ್ರ ದಿನಾ ಯಾರು ತಿರುವತಾರ?”

ಪರಿಮಳಾ ಸೆರಗಿನ ತುದಿ ಹಿಡಿದುಕೊಂಡಳು. “ನಾನೇ. ಶಾಲೆಯಲ್ಲಿ ಕೇಳಿಸಲಿ ಅಂತ ಸ್ವಲ್ಪ...”

“ಹಂಗಂದ್ರ ನಾ ಒಬ್ಬಾಕಿನ ಅಲ್ಲ ತಪ್ಪು ಮಾಡಿದ್ದು,” ಎಂದರು ಅಕ್ಕೋರು. “ನೀವು ಜಾಗ ಬದಲಿ ಮಾಡಿಸಿದ್ರಿ, ನಾ ‘ಕೂಡಸ್ರಿ’ ಅಂದೆ. ಆವಾಗ ಬಾಯಿ ಮುಚ್ಕೊಂಡಿದ್ದು ನನ್ನ ತಪ್ಪು. ತಾಯಿ ಮನಸ್ಸು ನೋಯ್ತದ ಅಂತ ಸುಮ್ಮನಾದೆ.”

ಆಮೇಲೆ ಅವರು ತಮ್ಮ ಕತೆ ಹೇಳಿದರು. ಅವರ ತಾಯಿ ಯಾದಗಿರಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿ. ಸಾಲಾಗಿ ಮಷಿನ್ನುಗಳು, ಹೆಂಗಸರು ನಿಂತು ಹತ್ತಿ ತುಂಬಬೇಕು. ಶಾಲೆ ಬಿಟ್ಟ ಮೇಲೆ ಮೌನಮ್ಮ ಅಲ್ಲಿಯೇ ಮೂಲೆಯಲ್ಲಿ ಕೂತು ಓದುತ್ತಿದ್ದರು.

“ಹೊಸದಾಗಿ ಬಂದ ಹೆಂಗಸರು ಮೊದಲನೇ ದಿನ ಕಿವಿ ಮುಚ್ಕೊಂಡು ಅಳ್ತಿದ್ರು. ಒಬ್ಬರ ಮಾತು ಒಬ್ಬರಿಗಿ ಕೇಳ್ತಿದ್ದಿಲ್ಲ. ಆದ್ರ ನಮ್ಮವ್ವ, ಅವರ ಗೆಣತ್ಯಾರು ಇದ್ರಲ್ಲ, ಅವರು ಒದರದ ಸುಮ್ಮ ಮಾತಾಡೋರು. ಅತ್ತಿ ಬೈದಿದ್ದು, ಗಂಡ ಕುಡದಿದ್ದು, ಪ್ಯಾಟ್ಯಾಗ ಬದ್ನಿಕಾಯಿ ಹ್ಯಾಂಗ ಅದ ಅನ್ನೋದು, ಎಲ್ಲಾ. ನಾ ಕೇಳಿದೆ, ಯವ್ವಾ, ನಿನಗ ಈ ಮಷಿನ್ ಅವಾಜ ಕೇಳಂಗಿಲ್ಲೇನು ಅಂತ. ಅಕಿ ಏನಂದ್ಲು ಗೊತ್ತೇನು? ‘ಕೇಳ್ತದ. ಆದ್ರ ಅದು ದಿನಾ ಹೇಳಿದ್ದ ಹೇಳ್ತದ. ಅದಕ್ಕೇನು ಕಿವಿ ಕೊಡಬೇಕು.’ ಹೊಸಬ್ರಿಗಿ ಮೂರು ದಿನ ಯಾರೂ ಏನೂ ಹೇಳ್ತಿದ್ದಿಲ್ಲ. ಬರೀ ಹೆಸರು ಕೇಳೋದು, ಊಟ ಆತೇನು ಅನ್ನೋದು. ಅವೇ ಮಾತು, ಮತ್ತ ಮತ್ತ. ಮೂರು ದಿನಕ್ಕ ಕಿವಿ ಕೂಡ್ತಿತ್ತು. ನಾಕನೇ ದಿನ ಅಕಿನೂ ಗಂಡನ್ನ ಬೈಯಾಕ ಸುರು.”

ಕರೆಮ್ಮ ಬಿದ್ದು ಬಿದ್ದು ನಕ್ಕಳು. “ಖರೆ ಅದ ಅಕ್ಕೋರ. ಈಕಿ ಲಗ್ನಾಗಿ ಬಂದಾಗ ನಾ ಏನಂದ್ರೂ ಹೂಂ ಹೂಂ ಅಂತ ತಲಿ ಅಲ್ಲಾಡಸ್ತಿದ್ಲು. ‘ಕದ ಹಾಕು’ ಅಂದ್ರೂ ಹೂಂ, ‘ಕದ ತಗಿ’ ಅಂದ್ರೂ ಹೂಂ. ನಮ್ಮ ಸೊಸಿಗಿ ಕಿವಿನ ಇಲ್ಲಂತ ನಾ ಊರ ತುಂಬ ಹೇಳಿದ್ದೆ.”

“ನೀವು ಜಗಳ ಆಡ್ತಿದ್ದೀರಿ ಅಂದುಕೊಂಡಿದ್ದೆ ಅತ್ತೆ,” ಎಂದಳು ಪರಿಮಳಾ. ಅವಳಿಗೂ ನಗು ಬಂತು. ಆದರೆ ನಂಬಿಕೆ ಬಂದಿರಲಿಲ್ಲ. ಮಿಲ್ಲಿನ ಹೆಂಗಸರಿಗೆ ಕಿವಿ ಗಟ್ಟಿ ಇತ್ತು. ತನ್ನ ಮಗಳ ಕಿವಿಗೆ ಆ ಹತ್ತಿ ಮಿಲ್ಲಿನ ಲೆಕ್ಕ ಹೇಗೆ ಹೊಂದುತ್ತದೆ? ಅದನ್ನು ಬಾಯಿ ಬಿಟ್ಟೇ ಕೇಳಿದಳು.

ಅಕ್ಕೋರು ಕೈ ತೊಳೆದರು. “ನಡೀರಿ, ಗೋದಾಮಿಗಿ ಹೋಗೋಣು. ಬೀಗದ ಕೈ ನನ್ನ ಬಲ್ಲಿನ ಅದ.”

ಕರೆಮ್ಮನೂ ಬೆನ್ನು ಹತ್ತಿದಳು. ಖಾಲಿ ಗೋದಾಮು ಇನ್ನೂ ಹೆಚ್ಚು ಮೊಳಗುತ್ತಿತ್ತು. ಅಕ್ಕೋರು ಪರಿಮಳಾಳನ್ನು ಬಾಗಿಲ ಹತ್ತಿರ, ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ತುಟಿ ನೋಡುವಂತಿಲ್ಲ. ತಾವು ಒಳಗಿನ ತುದಿಗೆ ಹೋಗಿ, ಅತ್ತಿಂದಿತ್ತ ಅಡ್ಡಾಡುತ್ತ, ಒಮ್ಮೆ ಸಣ್ಣ ದನಿಯಲ್ಲಿ ಒಮ್ಮೆ ದೊಡ್ಡ ದನಿಯಲ್ಲಿ, ಮನಸ್ಸಿಗೆ ಬಂದ ಐದು ವಾಕ್ಯ ಹೇಳಿದರು. ಪರಿಮಳಾ ಕೇಳಿಸಿದ್ದನ್ನು ಬರೆಯಬೇಕು. ಕಿವಿಯನ್ನೆಲ್ಲ ಹಿಂಡಿ ಕೇಳಿದಳು. ಸದ್ದು ಬಂತು, ಮಾತು ಬರಲಿಲ್ಲ. ಒಂದು ವಾಕ್ಯ ಪೂರ್ತಿ, ಇನ್ನೊಂದರ ಬಾಲ ಸಿಕ್ಕಿತು.

ಕರೆಮ್ಮ ಇಣುಕಿ ನೋಡಿದಳು. “ಕಾಲೇಜ ಕಲತಾಕಿ ಫೇಲಾದ್ಲು.”

ಅಕ್ಕೋರು ಈಗ ಮೂರನೆಯ ಕಂಬದ ಪಕ್ಕ ಹೋಗಿ ನಿಂತರು. ಅಲ್ಲಿಂದ ಕದಲದೆ, ಒಂದೇ ದನಿಯಲ್ಲಿ, ಹಾಜರಿ ಕರೆಯತೊಡಗಿದರು. ಬಸು. ಜ್ವಾಳದ ರೊಟ್ಟಿ, ಪುಂಡಿಪಲ್ಯ. ಶಾಯಿಸ್ತಾ. ಚಾ, ಬ್ರೆಡ್. ಮಕ್ಕಳ ಪಾಲಿನ ಉತ್ತರವನ್ನೂ ತಾವೇ ಹೇಳಿದರು. ಕಿಟಕಿಯಾಚೆ ನಿಂತು ಹಲ್ಲು ಕಚ್ಚಿಕೊಂಡು ಕೇಳಿದ್ದ ಅದೇ ಹೆಸರುಗಳು, ಅದೇ ತಿನಿಸುಗಳು. ಪರಿಮಳಾಳಿಗೆ ಎಲ್ಲವೂ ಬಾಯಿಪಾಠ ಆಗಿಬಿಟ್ಟಿತ್ತು. ಹೆಸರು ಬರುವ ಮೊದಲೇ ಅದು ಗೊತ್ತಿದ್ದುದರಿಂದ, ಮನಸ್ಸು ಖಾಲಿ ಉಳಿದು, ಹೆಸರಿನ ಬೆನ್ನಿಗೆ ಗೋಡೆ ಏನು ಮಾಡುತ್ತದೆ ಎಂಬುದನ್ನು ಕೇಳಿಸಿಕೊಳ್ಳುತ್ತಿತ್ತು. ‘ಬಸು’ ಎಂದರೆ ಬಲಗಡೆಯ ಗೋಡೆ ಒಂದು ‘ಸು’ವನ್ನು ಎಳೆದು ತಗಡಿಗೆ ಕೊಡುತ್ತಿತ್ತು. ಪ್ರತಿ ಸಲವೂ ಅಷ್ಟೇ ಎಳೆತ. ಹತ್ತು ನಿಮಿಷ ಕಳೆಯಿತು. ಯಾವಾಗ ಆ ಎಳೆತ ಕೇಳಿಸದಾಯಿತೋ ಅವಳಿಗೆ ತಿಳಿಯಲಿಲ್ಲ.

ಹಾಜರಿಯ ಬೆನ್ನಿಗೇ, ತಡೆಯದೆ, ಅಕ್ಕೋರು ಐದು ಹೊಸ ವಾಕ್ಯ ಹೇಳಿದರು. ಹತ್ತಿಕುಣಿ ಕೆರೆಗೆ ನೀರು ಬಂದಾದ. ಶಿವರಾಜನ ಎಮ್ಮಿ ಕರು ಹಾಕ್ಯಾದ. ಪರಿಮಳಾ ಬರೆದಳು. ಕರೆಮ್ಮ ಓದಿಸಿ ಕೇಳಿದಳು. ಐದರಲ್ಲಿ ನಾಲ್ಕು ಸರಿ.

“ಹತ್ತು ನಿಮಿಷದಾಗ ನಿಮ್ಮ ಕಿವಿ ದೊಡ್ಡದಾತೇನು?” ಕೇಳಿದರು ಅಕ್ಕೋರು.

“ಇಲ್ಲ.”

“ಗೋದಾಮು ಸಣ್ಣದಾತೇನು?”

“ಇಲ್ಲ.”

“ಮತ್ತ? ಈ ಗ್ವಾಡಿ ತಿರುಗಿ ಒದರೋದು ದಿನಾ ಒಂದ ನಮೂನಿ. ಆ ನಮೂನಿ ಗೊತ್ತಾತಂದ್ರ ಕಿವಿ ಅದನ್ನ ಬದಿಗಿ ಸರಸ್ತದ, ಮಾತು ಎತಗೋತದ. ಗೊತ್ತಿದ್ದ ಮಾತಿನ ಮ್ಯಾಲ ಗೊತ್ತಿಲ್ಲದ ಗ್ವಾಡಿ ಕಲೀಬೇಕು. ಅದಕ್ಕ ಆ ರೊಟ್ಟಿ. ನಾವು ಎರಡು ಕಿವಿ ಬರಾಬರ್ ಇದ್ದವರು, ಹತ್ತು ನಿಮಿಷದಾಗ ಕಲ್ತೀವಿ. ಯಶುಗ ಹತ್ತು ವಾರ ಬೇಕು. ನೀವು ಅಕಿನ್ನ ಇವತ್ತು ಒಂದ್ಕಡಿ ಕೂಡ್ಸಿ ನಾಳಿ ಒಂದ್ಕಡಿ ಕೂಡಸ್ತೀರಿ, ಮುಂಜಾನಿ ಒಂದು ಅವಾಜ, ಮಧ್ಯಾನ ಒಂದು ಅವಾಜ. ಅಕಿಗಿ ದಿನಾ ಹೊಸ ಗೋದಾಮು, ದಿನಾ ಹೊಸ ಅಕ್ಕೋರು. ಕೂಸು ಎಷ್ಟು ಸಲ ಮೊದಲಿಂದ ಸುರು ಮಾಡಬೇಕ್ರಿ?”

ಜೋಳದ ಡಬ್ಬಿಯೊಳಗೆ ಕೈ ಹಾಕಿ ಮಷಿನ್ ಹುಗಿದ ಆ ಪುಟ್ಟ ಕೈ ಪರಿಮಳಾಳ ಕಣ್ಣ ಮುಂದೆ ಬಂತು. ಎರಡು ತಿಂಗಳಿಂದ ಮಗಳು ಹತ್ತಿದ ಮೆಟ್ಟಿಲನ್ನೆಲ್ಲ ತಾನೇ ದಿನವೂ ಸಂಜೆ ಎಳೆದು ಹಾಕುತ್ತಿದ್ದೆ ಎಂದು ತಿಳಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಳಬ್ಯಾಡ್ರಿ ತಂಗಿ,” ಎಂದರು ಅಕ್ಕೋರು. “ಅಳೋದರಿಂದ ಹಾಜರಿ ತಿರುಗಿ ಬರಂಗಿಲ್ಲ. ಅಮರಪ್ಪಗ ಹೇಳ್ಬೇಕು.”

ಹೇಳುವುದು ಸುಲಭವಿರಲಿಲ್ಲ. ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದ ಅಮರಪ್ಪ, ಗಿರಾಕಿಗಳ ಮುಂದೆಯೇ ಕೇಳಿದ: “ಮೊನ್ನಿ ಒಂಬತ್ತು ತಾಸು ವ್ಯರ್ಥ ಅಂತ ಬರಕೊಂಡು ಬಂದಿದ್ರಿ. ಆ ಒಂಬತ್ತು ತಾಸು ಈಗ ಎಲ್ಲಿಗಿ ಹೋದ್ವು ಮೇಡಂ?”

“ನನ್ನ ಲೆಕ್ಕ ತಪ್ಪಾಗಿತ್ತು, ಅಮರಪ್ಪನವರೇ. ಸಾಹೇಬರು ಬಂದು ಕೇಳಿದರೆ ನಾನೇ ಉತ್ತರ ಕೊಡ್ತೀನಿ. ಬರೆದೂ ಕೊಡ್ತೀನಿ.”

ಅಮರಪ್ಪ ಅವಳನ್ನು ಒಂದು ಗಳಿಗೆ ನೋಡಿದ. ತಪ್ಪಾಯಿತು ಎಂದು ಅಂಗಡಿಗೆ ಬಂದು ಹೇಳುವವರು ಅವನಿಗೆ ಹೆಚ್ಚು ಸಿಕ್ಕಿರಲಿಲ್ಲವೇನೋ. “ಬರಿಯೋದು ಬ್ಯಾಡ್ರಿ. ಬರದಿದ್ದಕ್ಕ ಇಷ್ಟೆಲ್ಲ ಆತು,” ಎಂದ.

ಸೋಮವಾರ ರೊಟ್ಟಿ ಹಾಜರಿ ಮರಳಿತು. ಯಶುವಿನ ಜಾಗ ಎರಡನೆಯ ಸಾಲು, ಮೂರನೆಯ ಕಂಬದ ಎದುರು, ಇನ್ನು ಕದಲಿಸುವುದಿಲ್ಲ. ನುಜ್ಹತ ಮೇಡಂಗೆ ಫೋನು ಮಾಡಿ, ಬೈಸಿಕೊಂಡು, ಚಕ್ರ ಎಲ್ಲಿರಬೇಕೆಂದು ಕೇಳಿ, ಅಲ್ಲಿಗೆ ನಿಲ್ಲಿಸಿ, ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿಯ ತುಣುಕು ಅಂಟಿಸಿದರು. ಕಿಟಕಿಯ ಕಾವಲು ಬಂದ್. ಪರಿಮಳಾಳ ಕೈಗೆ ಬೇರೆ ಕೆಲಸ ಬೇಕಾಗಿ, ಕರೆಮ್ಮ ರೊಟ್ಟಿ ಬಡಿಯಲು ಹಚ್ಚಿದಳು. ಮೊದಲ ವಾರದ ರೊಟ್ಟಿಗಳು ಯಾವ ದೇಶದ ನಕಾಶೆ ಎಂದು ಬುದ್ಧಪ್ರಿಯ ದಿನಾ ಊಹಿಸುತ್ತಿದ್ದ.

ಒಂದು ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಏನೂ ಇಲ್ಲ. ರಾತ್ರಿ ಮಗಳು ಮಲಗಿದಾಗ ಕಳಚಿಟ್ಟ ಮಷಿನ್ ಕೈಗೆತ್ತಿಕೊಂಡು, ಒಂದೇ ಒಂದು ಕೂದಲೆಳೆಯಷ್ಟು ಏರಿಸಿದರೆ ಹೇಗೆ ಎಂದು ಪರಿಮಳಾ ಪಟ್ಟಿಯ ತುದಿಯನ್ನು ಉಗುರಿನಿಂದ ಮೀಟಿದ್ದೂ ಉಂಟು. ಹಾಗೇ ಒತ್ತಿ ಅಂಟಿಸಿ ಇಟ್ಟಳು.

ಆಗಸ್ಟ್ ತಿಂಗಳ ಒಂದು ಸಂಜೆ ಯಶು ಕಟ್ಟೆಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಳು. ತಿನ್ನುತ್ತಲೇ, ಅಜ್ಜಿಗೆ ಹೇಳುವಂತೆ ಹೇಳಿದಳು: “ಆಯಿ, ಬಸು ಇವತ್ತು ಕುರಿ ಹಾಲಿನ ಚಾ ಕುಡದು ಬಂದಾನಂತ. ಅವರ ಮಾಮಾ ಕುರಿ ಹೊಡ್ಕೊಂಡು ಬಂದಾನ. ನಾಳಿ ನಮಗೂ ತರ್ತೀನಿ ಅಂದಾನ.”

ಕರೆಮ್ಮ ಹೂಂಗುಟ್ಟಿದಳು. ಪರಿಮಳಾಳ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು.

“ಬಸು ಎಲ್ಲಿ ಕೂತ್ಕೋತಾನೆ, ಪುಟ್ಟಾ?”

“ಹಿಂದ. ಗ್ವಾಡಿ ಬಲ್ಲಿ.”

“ನೀನು ತಿರುಗಿ ನೋಡಿದೆಯಾ ಅವನು ಹೇಳುವಾಗ?”

“ಯಾಕ ನೋಡ್ಬೇಕು? ಪಾಟಿ ಮ್ಯಾಲ ಹೂವು ತಗೀತಿದ್ದೆ.”

ಹಿಂದಿನಿಂದ, ತುಟಿ ನೋಡದೆ, ದಿನವೂ ಜೋಳದ ರೊಟ್ಟಿ ಎನ್ನುವ ಹುಡುಗ ಒಂದು ದಿನ ಬೇರೆ ಹೇಳಿದ್ದನ್ನು ಅವಳು ಹಿಡಿದಿದ್ದಳು. ಪರಿಮಳಾ ಹಿಟ್ಟಿನ ಕೈಯಲ್ಲೇ ಫೋನು ಎತ್ತಿ ಅಕ್ಕೋರಿಗೆ ಹೇಳಿದಳು. ಆ ಕಡೆಯಿಂದ ಕುಕ್ಕರಿನ ಸೀಟಿ, ಆಮೇಲೆ ಅಕ್ಕೋರ ದನಿ:

“ಹಾಂ, ನನಗೂ ಗೊತ್ತಾತು. ಎಲ್ಲಾರಕಿಂತ ಮೊದಲ ನಕ್ಕಾಕಿ ಅಕಿನ. ಸಿಹಿ ಹಂಚಬ್ಯಾಡ್ರಿ ಇನ್ನ. ನಾಳಿ ಫ್ಯಾನ್ ಹಾಕ್ತಾರಂತ.”

ಯಾರೋ ಪುಣ್ಯಾತ್ಮರು ಗೋದಾಮಿಗೆ ನಾಲ್ಕು ಫ್ಯಾನು ದಾನ ಕೊಟ್ಟಿದ್ದರು. ತಗಡಿನ ಕೆಳಗೆ ನಾಲ್ಕೂ ಸೇರಿ ಗುಂಯ್ ಎಂದ ದಿನ ಯಶು ಮತ್ತೆ ಮುಖ ಊದಿಸಿಕೊಂಡು ಬಂದಳು. ಮರುದಿನವೂ ಹಾಗೆಯೇ. ಮೂರನೆಯ ದಿನ ಪರಿಮಳಾ ಚಪ್ಪಲಿ ಮೆಟ್ಟಿ ಗೋದಾಮಿನ ದಾರಿ ಹಿಡಿದವಳು ಅಮರಪ್ಪನ ಅಂಗಡಿಯ ಮುಂದೆ ನಿಂತಳು. ಅಲ್ಲಿಂದಲೇ ಅಕ್ಕೋರ ದನಿ ಸಣ್ಣಗೆ ಕೇಳುತ್ತಿತ್ತು. ಹಾಜರಿ ಮುಗಿಯಬೇಕಾದ ಹೊತ್ತು ಮುಗಿದಿತ್ತು; ಅಕ್ಕೋರು ಮತ್ತೆ ಮೊದಲ ಹೆಸರಿನಿಂದ ಶುರು ಮಾಡಿದ್ದರು. ಈ ಸಲ ರಾತ್ರಿಯ ಊಟ.

“ಇವತ್ತು ನಲ್ವತ್ತು ನಿಮಿಷ ನೋಡ್ರಿ ಮೇಡಂ,” ಎಂದ ಅಮರಪ್ಪ. “ಬರಕೋತೀರೇನು?”

“ಅರ್ಧ ಕೇಜಿ ಬೆಲ್ಲ ಕೊಡಿ,” ಎಂದಳು ಪರಿಮಳಾ. ಬೆಲ್ಲ ತೆಗೆದುಕೊಂಡು ಮನೆಗೆ ಬಂದಳು. ಫ್ಯಾನುಗಳು ಕಿವಿಯಿಂದ ಇಳಿಯಲು ಎಂಟು ದಿನ ಹಿಡಿಯಿತು. ಮೊದಲಿಗೆ ಗೋದಾಮಿಗೆ ಎರಡು ತಿಂಗಳು ಹಿಡಿದಿತ್ತು.

ಸೆಪ್ಟೆಂಬರಿನ ಮೂರನೆಯ ವಾರ ತಾಯಿ ಮಗಳು ಕಲಬುರಗಿಗೆ ಹೋದರು. ನುಜ್ಹತ ಮೇಡಂ ಯಶುವನ್ನು ಸಣ್ಣ ಕೋಣೆಯಲ್ಲಿ ಕೂರಿಸಿ, ಮೊದಲು ನಿಶ್ಶಬ್ದದಲ್ಲಿ, ಆಮೇಲೆ ಧ್ವನಿವರ್ಧಕದಿಂದ ಜನರ ಗದ್ದಲ ಬಿಟ್ಟು, ಹತ್ತು ಹತ್ತು ಶಬ್ದಗಳ ಪಟ್ಟಿ ಓದಿ ತಿರುಗಿ ಹೇಳಿಸಿದರು. ಗಾಜಿನಾಚೆ ಕೂತ ಪರಿಮಳಾಳ ಎರಡು ಕೈಯೂ ತೊಡೆಯ ಕೆಳಗಿದ್ದವು. ಗದ್ದಲದ ಮೊದಲ ಪಟ್ಟಿಯಲ್ಲಿ ಹತ್ತಕ್ಕೆ ಮೂರೇ ಬಂದವು. ಮೇಡಂ ಏನೂ ಹೇಳದೆ ಗದ್ದಲವನ್ನು ಹಾಗೇ ಬಿಟ್ಟು, ಅದೇ ಗದ್ದಲದಲ್ಲಿ ಎರಡನೆಯ ಪಟ್ಟಿ ಹಾಕಿದರು. ಐದು. ಮೂರನೆಯದು. ಏಳು.

ಹೊರಗೆ ಬಂದ ಮೇಡಂ ಕಡತದಲ್ಲಿ ಬರೆದುಕೊಂಡರು. “ಕಿವಿ ಇದ್ದಷ್ಟ ಅದರಿ. ಅದು ಸುಧಾರಿಸ್ಯಾದ ಅಂತ ನಾ ಹೇಳಂಗಿಲ್ಲ. ಆದ್ರ ಇದ್ದ ಕಿವಿಲಿ ಕೇಳೋದು ಕಲ್ತಾಳ. ಫೆಬ್ರವರ್ಯಾಗ ಮೂರನೇ ಪಟ್ಟಿಗೂ ಎರಡರ ಮ್ಯಾಲ ಹೋಗಿದ್ದಿಲ್ಲ. ಯಾರು ಹೇಳಿಕೊಟ್ರು ಇದನ್ನ?”

“ಅವಳ ಅಕ್ಕೋರು,” ಎಂದಳು ಪರಿಮಳಾ. ಆಮೇಲೆ ಬಸ್ಸಿನುದ್ದಕ್ಕೂ ಹಿಡಿದಿಟ್ಟಿದ್ದನ್ನು ಕೇಳಿದಳು: “ಹಾಸ್ಟೆಲ್?”

“ಈಗ ಬ್ಯಾಡ. ಅಲ್ಲೇ ಓದ್ಲಿ. ಮುಂದಿನ ಮಾರ್ಚಿಗಿ ಕರ್ಕೊಂಡು ಬರ್ರಿ, ನೋಡೋಣು.”

ಪೂರ್ತಿ ಬಿಡುಗಡೆ ಅದಲ್ಲ. ಮಾರ್ಚ್ ಇತ್ತು, ಆಮೇಲೆ ಇನ್ನೊಂದು ಸೆಪ್ಟೆಂಬರ್ ಇತ್ತು, ನಾಲ್ಕನೆಯ ತರಗತಿಗೆ ಬೇರೆ ಕೋಣೆ, ಬೇರೆ ಮೇಷ್ಟ್ರು. ಪರಿಮಳಾಳ ತಲೆ ಆಗಲೇ ಅಷ್ಟು ದೂರ ಓಡಿತ್ತು. ಆದರೆ ಹೊಟ್ಟೆ ಹಸಿದಿತ್ತು, ಮಗಳಿಗೂ ಹಸಿದಿತ್ತು.

ಬಸ್ ನಿಲ್ದಾಣದ ಹತ್ತಿರದ ಹೋಟೆಲು ಕಿಕ್ಕಿರಿದಿತ್ತು. ಸ್ಟೀಲು ತಟ್ಟೆಗಳ ಸದ್ದು, ಟಿವಿ, ಕಾವಲಿಯ ಚೊಂಯ್, ಹೊರಗಿನ ಬಸ್ಸುಗಳ ಹಾರ್ನು. ಸರ್ವರ್ ಮೇಜಿನ ಪಕ್ಕ ಬಂದು, ಗೋಡೆ ನೋಡುತ್ತ, ಒಂದೇ ಉಸಿರಿನಲ್ಲಿ ಇಡ್ಲಿಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿ ನಿಂತ. ಯಶು ಅವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಏನೂ ಸಿಕ್ಕಿರಲಿಲ್ಲ.

ಅವಳಿಗೆ ಪೂರಿ ಎಂದು ಹೇಳಲು ಪರಿಮಳಾ ಬಾಯಿ ತೆರೆದಳು. ಮುಚ್ಚಿದಳು.

“ಇನ್ನೊಮ್ಮಿ ಹೇಳ್ರಿ,” ಎಂದಳು ಯಶು.

ಸರ್ವರ್ ಇನ್ನೊಮ್ಮೆ ಹೇಳಿದ. ಅದೇ ಓಟ, ಅದೇ ಕ್ರಮ. ಯಶು ತಲೆಯನ್ನು ಸ್ವಲ್ಪ ವಾರೆ ಮಾಡಿ ಕೇಳಿದಳು.

“ಇನ್ನೊಮ್ಮಿ.”

“ಹಿಂಗ ಎಲ್ಲಾರೂ ಮೂರ್ಮೂರು ಸಲ ಕೇಳಿದ್ರ ನನ್ನ ನಾಲಿಗಿ ಉಳಿತದೇನವ್ವ?” ಎಂದ ಅವನು. ಆದರೆ ಹೇಳಿದ. ಮೂರನೆಯ ಸಲವೂ ಅದೇ ಓಟ, ಅದೇ ಕ್ರಮ.

“ಕಡೀಕ ಶಿರಾ ಅಂದ್ರಲ್ಲ, ಅದು,” ಎಂದಳು ಯಶು. “ಬಿಸಿ ಇದ್ರ ಕೊಡ್ರಿ.”

ಸರ್ವರ್ ಒಳಗೆ ತಿರುಗಿ ಒಂದು ಶಿರಾ ಎಂದು ಕೂಗಿದ. “ನಿಮಗ ಏನ್ರಿ ಅಕ್ಕಾ?”

ಶಿರಾ ಎಂದು ಅವನು ಹೇಳಿದ್ದು ಪರಿಮಳಾಳಿಗೆ ಮೂರು ಸಲವೂ ಕೇಳಿಸಿರಲಿಲ್ಲ. ಅವಳು ಬ್ಯಾಗನ್ನು ಪಕ್ಕದ ಕುರ್ಚಿಗೆ ಸರಿಸಿ, ಆರಾಮಾಗಿ ಕೂತಳು.

“ನನಗೂ ಒಮ್ಮೆ ಮೊದಲಿಂದ ಹೇಳಿಬಿಡಿ,” ಎಂದಳು.